ಅಕ್ಕನ ಅಂಗಡಿಯ ಮೇಲೆ ಹಾದ ಗೆರೆ

ಕಚೇರಿಯಲ್ಲಿ ಅವಳಿಗೆ ಬುಗುರಿ ಎಂದು ಹೆಸರಿಟ್ಟವರು ಯಾರೋ ಪುಣ್ಯಾತ್ಮರು. ಇಟ್ಟವರು ನಿವೃತ್ತರಾಗಿ ಹೋದರೂ ಹೆಸರು ಹೋಗಲಿಲ್ಲ. ಅವಳಿಗೂ ಒಂದು ಕುರ್ಚಿ ಇತ್ತು, ಕುರ್ಚಿಗೊಂದು ಮೆತ್ತೆಯೂ ಇತ್ತು. ಆದರೆ ಅವಳು ಅದರ ಮೇಲೆ ನೆಟ್ಟಗೆ ಕೂತದ್ದನ್ನು ಕಂಡವರು ಕಡಿಮೆ. ನಕ್ಷೆ ನೋಡುವುದು ನಿಂತುಕೊಂಡು, ಫೋನಿನಲ್ಲಿ ಮಾತಾಡುವುದು ಓಡಾಡುತ್ತಾ, ಟೀ ಕುಡಿಯುವುದು ಕಿಟಕಿಯ ಹತ್ತಿರ, ಅದೂ ಅರ್ಧ ಲೋಟ. ಉಳಿದರ್ಧ ಯಾರದೋ ಮೇಜಿನ ಮೇಲೆ ಆರಿ, ಸಂಜೆ ಕಸ ಗುಡಿಸಲು ಬರುವವಳಿಂದ ಬೈಗುಳ ತಿನ್ನುತ್ತಿತ್ತು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಅನ್ನುವುದು ಅವಳ ಅಕ್ಕನ ಮಾತು. ಗಂಡನ ದೂರು ಬೇರೆ: ಈ ಹೆಂಗಸು ನಿದ್ದೆಯಲ್ಲೂ ಎಲ್ಲಿಗೋ ಹೊರಟಿರುತ್ತಾಳೆ, ಮದುವೆಯಾದಾಗಿನಿಂದ ಹೊದಿಕೆ ನನ್ನ ಪಾಲಿಗೆ ಬಂದದ್ದೇ ಇಲ್ಲ ಎಂದು.

ಅವಳು ನಗರ ಯೋಜನಾ ಕಚೇರಿಯ ಸರಕು ಸಾಗಣೆ ವಿಭಾಗದಲ್ಲಿ ಇಂಜಿನಿಯರ್. ಆ ವಿಭಾಗಕ್ಕೆ ತಲೆನೋವು ಒಂದೇ, ಗೂಡ್ಸ್ ಟರ್ಮಿನಲ್. ಕಟ್ಟಿದ ಕಾಲಕ್ಕೆ ಅದು ಊರಾಚೆ ಇತ್ತಂತೆ. ಆಮೇಲೆ ಊರು ಬೆಳೆದು ಅದನ್ನು ನಾಲ್ಕೂ ಕಡೆಯಿಂದ ಸುತ್ತುವರಿದು, ಈಗ ಟರ್ಮಿನಲ್ಲಿನವರು ಊರನ್ನು, ಊರಿನವರು ಟರ್ಮಿನಲ್ಲನ್ನು ಬೈಯುತ್ತಾ ಬದುಕುತ್ತಿದ್ದರು. ಒಂದು ಮಗ್ಗುಲಿಗೆ ಗೂಡ್ಸ್ ರೈಲು ಬಂದು ಕಂಟೇನರುಗಳನ್ನು ಇಳಿಸುತ್ತದೆ. ಇನ್ನೊಂದು ಮಗ್ಗುಲಿಗೆ ಲಾರಿಗಳು ಬಂದು ಅವನ್ನು ಹೊತ್ತುಕೊಂಡು ಹೋಗುತ್ತವೆ. ಸಿಮೆಂಟು, ಗೋಧಿ, ಫ್ರಿಜ್ಜು, ಮಕ್ಕಳ ಸೈಕಲ್ಲು, ಊರಿಗೆ ಬೇಕಾದದ್ದೆಲ್ಲ ಬರುವುದು ಆ ಒಂದು ಬಾಗಿಲಿನಿಂದ. ಬಾಗಿಲು ಚಿಕ್ಕದು, ಕಾಯುವವರು ಬಹಳ. ಇದನ್ನು ದೊಡ್ಡದು ಮಾಡಬೇಕು ಅನ್ನುವ ಮಾತು ವರ್ಷಗಟ್ಟಲೆ ಕಡತದಲ್ಲಿ ಮಲಗಿದ್ದು, ಕೊನೆಗೊಮ್ಮೆ ಎದ್ದು ಬುಗುರಿಯ ಕೈಗೆ ಬಂತು.

ಕೆಲಸದಲ್ಲಿ ಎರಡು ಭಾಗ. ರೈಲಿನ ಕಡೆ ಹಳಿಗಳನ್ನು ಉದ್ದ ಮಾಡಿ ಇನ್ನೊಂದು ಕ್ರೇನ್ ನಿಲ್ಲಿಸುವುದು. ಅದು ಸುಲಭ, ಜಾಗ ರೈಲ್ವೆಯದ್ದೇ. ಲಾರಿಯ ಕಡೆ ಹೊಸ ಗೇಟು, ಗೇಟಿಗೆ ಅಗಲವಾದ ರಸ್ತೆ. ಅಲ್ಲಿಯೇ ತೊಡಕು. ಗೇಟಿನ ಮುಂದೆ ಜಾಗ ಅಂತ ಇದ್ದದ್ದು ರಿಪೇರಿ ಬೀದಿ ಒಂದೇ. ಅಲ್ಲಿ ಪಂಕ್ಚರ್ ಹಾಕುವವರು, ರೇಡಿಯೇಟರ್ ಬೆಸುಗೆಯವರು, ಲಾರಿಯ ಸೀಟು ಹೊಲಿಯುವವರು, ಮೇಲೆ ಮನೆ, ಕೆಳಗೆ ಅಂಗಡಿ ಮಾಡಿಕೊಂಡು ಎರಡು ತಲೆಮಾರಿನಿಂದ ಇದ್ದರು. ಎಷ್ಟು ಲಾರಿ ಬರುತ್ತವೋ ಅಷ್ಟು ಅಗಲ ರಸ್ತೆ ಬೇಕು. ಎಷ್ಟು ಅಗಲ ರಸ್ತೆ ಬೇಕೋ ಅಷ್ಟು ಬೀದಿ ಹೋಗಬೇಕು. ಹಾಗಾಗಿ ಮೊದಲು ಲಾರಿ ಎಣಿಸಬೇಕಾಯಿತು.

ಎಣಿಸುವುದು ಎಲ್ಲಿ ಅನ್ನುವುದನ್ನು ತೀರ್ಮಾನಿಸಿದವಳೂ ಬುಗುರಿಯೇ. ಗೇಟಿನಲ್ಲಿ ಎಣಿಸಿದರೆ ಒಳಗೆ ಹೋದವು ಮಾತ್ರ ಸಿಗುತ್ತವೆ, ಹೋಗಲಾಗದೆ ಹೊರಗೆ ಒದ್ದಾಡುವವು ಸಿಗುವುದಿಲ್ಲ ಎಂದು ವಾದ ಮಾಡಿ, ಟರ್ಮಿನಲ್ಲಿಗೆ ಬರುವ ರಸ್ತೆಗಳೆಲ್ಲ ಸೇರುವ ವೃತ್ತದ ಹತ್ತಿರ ಜನರನ್ನು ನಿಲ್ಲಿಸಿದಳು. ಒಬ್ಬೊಬ್ಬರ ಕೈಗೆ ಒತ್ತಿದರೆ ಅಂಕಿ ತಿರುಗುವ ಒಂದು ಪುಟ್ಟ ಯಂತ್ರ. ಲಾರಿ ಹಾದರೆ ಒಂದು ಒತ್ತು. ನಂಬರು ಪ್ಲೇಟು ನೋಡಬೇಡಿ, ಡ್ರೈವರ್ ಮುಖ ನೋಡಬೇಡಿ, ಲಾರಿ ನೋಡಿ ಒತ್ತಿ, ಅಷ್ಟೇ ಎಂದು ಅವಳೇ ನಿಂತು ಪಾಠ ಹೇಳಿದಳು. ಬಂದ ಲೆಕ್ಕ ನೋಡಿ ಮುಖ್ಯ ಇಂಜಿನಿಯರ್ ಹುಬ್ಬೇರಿಸಿದರು. ಊರಿಗೆ ಇಷ್ಟೊಂದು ಲಾರಿ ಬರುತ್ತವೆಂದು ಯಾರೂ ಕನಸಿನಲ್ಲೂ ಎಣಿಸಿರಲಿಲ್ಲ. ಆ ಲೆಕ್ಕಕ್ಕೆ ತಕ್ಕ ರಸ್ತೆ ಎಳೆದರೆ ರಿಪೇರಿ ಬೀದಿ ಪೂರ್ತಿ ಅಳಿಸಿಹೋಗುತ್ತಿತ್ತು.

ಆ ಬೀದಿಯ ತಿರುವಿನಲ್ಲಿ ಅವಳ ಅಕ್ಕನ ಟಾರ್ಪಾಲು ಅಂಗಡಿ.

ಅಮ್ಮ ತೀರಿಕೊಂಡಾಗ ಬುಗುರಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಇದ್ದೂ ಇಲ್ಲದ ಹಾಗೆ. ಅಕ್ಕ ಶಾಲೆ ಬಿಟ್ಟು ಲಾರಿಗಳ ಹರಿದ ಟಾರ್ಪಾಲಿಗೆ ತೇಪೆ ಹಾಕುವ ಕೆಲಸಕ್ಕೆ ಕೂತಳು, ಕೂತವಳು ಎದ್ದೇ ಇಲ್ಲ. ದಪ್ಪ ಸೂಜಿ, ಅಂಗೈಗೆ ಕಟ್ಟಿಕೊಳ್ಳುವ ಚರ್ಮದ ಪಟ್ಟಿ, ಮೇಣ ತಿಕ್ಕಿದ ದಾರ. ಆ ಮೇಣದ ವಾಸನೆಯಲ್ಲೇ, ಟಾರ್ಪಾಲಿನ ರಾಶಿಯ ಮೇಲೆ ಬೋರಲು ಬಿದ್ದುಕೊಂಡು ಬುಗುರಿ ಓದಿದಳು. ಓದುವಾಗಲೂ ಕಾಲು ಅಲ್ಲಾಡುತ್ತಲೇ ಇರುತ್ತಿದ್ದವು. ಭಾವ ಬಂದದ್ದೂ ಅದೇ ಅಂಗಡಿಗೆ. ಲಾರಿ ಡ್ರೈವರ್. ಮೊದಮೊದಲು ಹರಿದ ಟಾರ್ಪಾಲು ತರುತ್ತಿದ್ದವನು ಆಮೇಲೆ ಹರಿಯದ ಟಾರ್ಪಾಲನ್ನೂ ತರಲು ಶುರುಮಾಡಿದಾಗ ಅಕ್ಕನಿಗೆ ವಿಷಯ ತಿಳಿಯಿತು.

ಬುಗುರಿ ಕೆಲಸಕ್ಕೆ ಸೇರಿದ ದಿನವೇ ಒಂದು ಶಪಥ ಮಾಡಿದಳು: ತನ್ನವರಿಗೆ ತನ್ನ ಕುರ್ಚಿಯಿಂದ ಒಂದು ಹುಲ್ಲುಕಡ್ಡಿಯಷ್ಟೂ ಉಪಕಾರ ಆಗಬಾರದು. ಶಪಥವೇನೋ ಒಳ್ಳೆಯದೇ. ಆದರೆ ಉಪ್ಪು ಜಾಸ್ತಿಯಾದರೆ ಸಾರು ಕೆಡುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಬೀದಿಯ ಚರಂಡಿ ಕಟ್ಟಿಕೊಂಡಿದೆ, ಯಾರಿಗೆ ಹೇಳಬೇಕು ಎಂದು ಅಕ್ಕ ಕೇಳಿದರೆ, ಎಲ್ಲರಂತೆ ಅರ್ಜಿ ಕೊಡು ಅಂದಳು. ಭಾವನ ಗೇಟ್ ಪಾಸು ಕಳೆದುಹೋದಾಗ, ಹೊಸ ಪಾಸು ಯಾವ ಕೋಣೆಯಲ್ಲಿ ಕೊಡುತ್ತಾರೆ ಎಂದು ಕೇಳಲು ಅವನು ಕಚೇರಿಗೆ ಬಂದರೆ, ಇವಳು ಗುರುತೇ ಇಲ್ಲದವಳಂತೆ ಬೋರ್ಡು ತೋರಿಸಿದಳು. ಭಾವ ಅದನ್ನು ಮನೆಗೆ ಹೋಗಿ ನಗುನಗುತ್ತಾ ಹೇಳಿದನಂತೆ. ಅಕ್ಕ ನಗಲಿಲ್ಲವಂತೆ.

ಈಗ ರಸ್ತೆಯ ಗೆರೆ ಎಳೆಯುವಾಗಲೂ ಅವಳು ಹಿಂಜರಿಯಲಿಲ್ಲ. ಹಿಂಜರಿಯಲಿಲ್ಲ ಅನ್ನುವುದನ್ನು ನಾಲ್ಕು ಜನ ನೋಡಲಿ ಅನ್ನುವ ಹಾಗೆ, ಎಲ್ಲರೂ ಇದ್ದಾಗಲೇ ಎಳೆದಳು. ಆಮೇಲೆ ತಾನೇ ಹೋಗಿ ಅಕ್ಕನಿಗೆ ಸುದ್ದಿ ಮುಟ್ಟಿಸಿದಳು. ಅಕ್ಕ ಹೊಲಿಗೆ ನಿಲ್ಲಿಸದೆ ಕೇಳಿದ್ದು ಒಂದೇ ಮಾತು.

"ಲೆಕ್ಕ ಸರಿ ಇದೆಯಾ?"

"ಸರಿ ಇದೆ ಅಕ್ಕ."

"ಹಾಗಾದ್ರೆ ಸರಿ."

ಅಷ್ಟಕ್ಕೇ ಬಿಡಲಿಲ್ಲ ಅಕ್ಕ. ಕೋರ್ಟಿಗೆ ಹೋಗೋಣ ಎಂದು ಹೊರಟಿದ್ದ ಬೀದಿಯವರನ್ನು ಕೂರಿಸಿಕೊಂಡು, ನಾನೇ ಬಿಟ್ಟುಕೊಡುತ್ತಿದ್ದೇನೆ, ನಿಮ್ಮದೇನು ದೊಡ್ಡದು ಎಂದಳು. ನನ್ನ ತಂಗಿ ನನ್ನನ್ನೇ ಬಿಟ್ಟಿಲ್ಲ ಅಂದಮೇಲೆ ಲೆಕ್ಕ ಸುಳ್ಳಾಗಿರುತ್ತದೆಯೇ ಎಂದೂ ಕೇಳಿದಳು. ಬೀದಿಯವರು ಗೊಣಗುತ್ತಾ ಕೋರ್ಟಿನ ಮಾತು ಕೈಬಿಟ್ಟರು.

ಇದನ್ನು ಕೇಳಿದ ಮೇಲೆ ಬುಗುರಿಗೆ ನೆಮ್ಮದಿಯಾಗಬೇಕಿತ್ತು. ಆಗಿದ್ದು ತಿರುಗುಮುರುಗು. ಮೊದಲು ಕಾಲು ಮಾತ್ರ ನಿಲ್ಲುತ್ತಿರಲಿಲ್ಲ, ಈಗ ತಲೆಯೂ ನಿಲ್ಲದಾಯಿತು. ಅನ್ನದ ತಟ್ಟೆ ಮುಂದಿಟ್ಟುಕೊಂಡು ಎದ್ದು ಹೋಗಿ ನಲ್ಲಿ ನಿಲ್ಲಿಸಿದೆನಾ ಎಂದು ನೋಡಿ ಬರುವಳು. ಬೀಗ ಹಾಕಿದ ಬಾಗಿಲನ್ನು ಮತ್ತೆ ಎಳೆದು ನೋಡುವಳು. ಕಚೇರಿಯಲ್ಲಿ ಅದೇ ನಕ್ಷೆಯನ್ನು ಬಿಡಿಸುವಳು, ಸುತ್ತುವಳು, ಬಿಡಿಸುವಳು. ನಿನ್ನ ಮೈಮೇಲೆ ಯಾರಾದರೂ ಇರುವೆ ಬಿಟ್ಟಿದ್ದಾರಾ ಎಂದು ಗಂಡ ಕೇಳಿದ. ಅವನಿಗೆ ಏನು ಹೇಳುವುದು? ತಪ್ಪು ಮಾಡಿಲ್ಲ ಅನ್ನುವುದು ಗೊತ್ತಿದ್ದೂ ತಪ್ಪು ಮಾಡಿದವಳ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಅಂಥದ್ದೊಂದು ಮಧ್ಯಾಹ್ನ, ಕೂರಲಾರದೆ, ಬೀದಿಯ ಅಳತೆ ಇನ್ನೊಮ್ಮೆ ನೋಡುವ ನೆಪ ಮಾಡಿಕೊಂಡು ಅತ್ತ ಹೋದಳು. ಅಕ್ಕ ಅಂಗಡಿಯಲ್ಲಿರಲಿಲ್ಲ. ಭಾವ ಲಾರಿಗೆ ಪಂಕ್ಚರ್ ಹಾಕಿಸಿಕೊಂಡು, ಹೊರಡುವ ಮೊದಲು ಗಾಜು ಒರೆಸುತ್ತಿದ್ದ. ಮತ್ತೆ ಕಚೇರಿಗೆ ನಡೆದೇ ಹೋಗುತ್ತೇನೆ ಎಂದವಳನ್ನು ಅವನು ಬಿಡಲಿಲ್ಲ.

"ಹತ್ತಮ್ಮ, ಬಿಡ್ತೀನಿ. ಗೇಟಲ್ಲಿ ನನ್ನ ಟೋಕನ್ ಕೂಗೋವರೆಗೆ ನಾನೂ ಸುಮ್ನೆ ಸುತ್ತೋದೇ ತಾನೆ."

ಅವಳಿಗೆ ಲಾರಿ ಹತ್ತುವ ಅಭ್ಯಾಸ ತಪ್ಪಿತ್ತು. ಮೇಲಿನಿಂದ ನೋಡಿದರೆ ರಸ್ತೆಯೇ ಬೇರೆ ಥರ ಕಾಣುತ್ತದೆ. ಭಾವ ಯಾವುದೋ ಹಳೆಯ ಬಾಡಿಗೆಯ ಕಥೆ ಹೇಳುತ್ತಿದ್ದ. ಅವಳು ಹೂಂ ಹೂಂ ಎನ್ನುತ್ತಾ ತನ್ನ ಯೋಚನೆಯಲ್ಲಿದ್ದಳು. ವೃತ್ತದಲ್ಲಿ ಒಬ್ಬ ಏಣಿ ಹತ್ತಿ ಔಷಧಿ ಅಂಗಡಿಯ ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದ. ಲಾರಿ ಮುಂದೆ ಹೋಯಿತು, ಬಲಕ್ಕೆ ತಿರುಗಿತು, ಗೋಡೌನುಗಳ ಹಿಂದೆ ಹಾದು ಮತ್ತೆ ಬಲಕ್ಕೆ ತಿರುಗಿತು. ಭಾವನ ಕಥೆ ಇನ್ನೂ ಮುಗಿದಿರಲಿಲ್ಲ. ಕಿಟಕಿಯಾಚೆ ಒಬ್ಬ ಏಣಿಯಿಂದಿಳಿದು ಹಸಿರು ಬಾಗಿಲನ್ನು ದೂರದಿಂದ ನೋಡುತ್ತಿದ್ದ.

"ಭಾವ, ಇಲ್ಲಿ ಈಗಷ್ಟೇ ಬಂದಿದ್ವಲ್ಲ?"

"ಬಂದಿದ್ವು. ಇನ್ನೂ ಬರ್ತೀವಿ," ಎಂದ ಭಾವ. "ನಿಲ್ಸಿದ್ರೆ ದಂಡ ಹಾಕ್ತಾರೆ. ನಿಲ್ಲಂಗಿಲ್ಲ, ಒಳಗೆ ಹೋಗಂಗಿಲ್ಲ. ಎಲ್ಲರೂ ಹಿಂಗೇ ಗಾಣ ಸುತ್ತೋದು."

ಬುಗುರಿ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ಬರುತ್ತಿದ್ದ ಲಾರಿಗಳನ್ನು ನೋಡಿದಳು. ಟರ್ಮಿನಲ್ ಸುತ್ತಿನ ರಸ್ತೆಗಳಲ್ಲಿ ಲಾರಿ ನಿಲ್ಲಿಸಕೂಡದು ಅನ್ನುವ ನಿಯಮ ಅವಳದ್ದೇ. ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಲಾರಿಗಳು ಸಾಲಾಗಿ ನಿಲ್ಲುತ್ತವೆ ಎಂಬ ದೂರು ಬಂದಾಗ, ಕೆಲವು ವರ್ಷದ ಹಿಂದೆ, ಅವಳೇ ಬರೆದು, ಹಟ ಹಿಡಿದು ಜಾರಿಗೆ ತಂದಿದ್ದಳು. ರಸ್ತೆ ಖಾಲಿಯಾಯಿತು ಎಂದು ಮೆಚ್ಚುಗೆಯೂ ಸಿಕ್ಕಿತ್ತು. ನಿಲ್ಲಲು ಬಿಡದ ಲಾರಿ ಎಲ್ಲಿಗೆ ಹೋಗುತ್ತದೆ ಎಂದು ಆಗ ಯಾರೂ ಕೇಳಲಿಲ್ಲ, ಅವಳಂತೂ ಕೇಳಲೇ ಇಲ್ಲ. ಅವು ಸುತ್ತುತ್ತಿದ್ದವು. ಸುತ್ತುವ ಲಾರಿ ವೃತ್ತಕ್ಕೆ ಬಂದಾಗಲೆಲ್ಲ ಅವಳ ಜನ ಒಂದೊಂದು ಒತ್ತು ಒತ್ತಿದ್ದರು. ಕೈಯಾರೆ ಲಾರಿಗಳನ್ನು ಓಡಿಸಿ, ಕೈಯಾರೆ ಅವನ್ನೇ ಮತ್ತೆ ಮತ್ತೆ ಎಣಿಸಿ, ಆ ಲೆಕ್ಕದ ಮೇಲೆ ಒಂದು ಬೀದಿಯನ್ನೇ ಅಳಿಸಲು ಹೊರಟಿದ್ದಳು ಮಹಾತಾಯಿ. ಭಾವ ಇದ್ಯಾವುದನ್ನೂ ಅರಿಯದೆ, ಕಥೆಯ ಕೊನೆಗೆ ಬಂದು ತಾನೇ ನಕ್ಕ.

ಮರುದಿನ ಬೆಳಿಗ್ಗೆಯೇ ಹೋಗಿ ವೃತ್ತದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಳು. ಈ ಸಲ ನಂಬರು ಪ್ಲೇಟು ನೋಡಿದಳು, ಡ್ರೈವರ್ ಮುಖವನ್ನೂ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಕೆಲವು ಡ್ರೈವರುಗಳು ಗುರುತಿನವರಾಗಿ ಕೈ ಬೀಸತೊಡಗಿದ್ದರು. ಅರ್ಧಕ್ಕಿಂತ ಹೆಚ್ಚು ಅವೇ ಲಾರಿಗಳು. ಅವುಗಳಿಗೆ ಬೇಕಾದದ್ದು ಅಗಲವಾದ ರಸ್ತೆಯಲ್ಲ, ಕರೆಯುವವರೆಗೆ ನಿಂತಿರಲು ಒಂದು ಅಂಗಳ. ಅಂಗಳವೊಂದಿದ್ದರೆ ಈಗಿನ ಗೇಟನ್ನೇ ಸ್ವಲ್ಪ ಹಿಗ್ಗಿಸಿದರೂ ಸಾಕು, ಬೀದಿಯ ಒಂದು ಇಟ್ಟಿಗೆಯೂ ಅಲ್ಲಾಡಬೇಕಿಲ್ಲ.

ಸಂತೋಷ ಪಡಬೇಕಾದ ವಿಷಯ. ಆದರೆ ಅದರಲ್ಲೊಂದು ಮುಳ್ಳಿತ್ತು. ಬೀದಿ ಉಳಿದರೆ ಅಕ್ಕನ ಅಂಗಡಿಯೂ ಉಳಿಯುತ್ತದೆ. ನೋಡಿದಿರಾ, ಕೊನೇ ಗಳಿಗೆಯಲ್ಲಿ ಲೆಕ್ಕ ತಿದ್ದಿ ಅಕ್ಕನನ್ನು ಉಳಿಸಿಕೊಂಡಳು ಎಂದು ಇಡೀ ಊರು ಆಡಿಕೊಳ್ಳುತ್ತದೆ. ಇಷ್ಟು ವರ್ಷ ಹುಲ್ಲುಕಡ್ಡಿ ಹುಲ್ಲುಕಡ್ಡಿ ಎಂದು ಕಾಪಾಡಿಕೊಂಡು ಬಂದ ಹೆಸರು ಒಂದೇ ದಿನಕ್ಕೆ ಬೀದಿಪಾಲು. ಹೇಳದೆ ಸುಮ್ಮನಿದ್ದರೆ ಬೀದಿಯೇ ಬೀದಿಪಾಲು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡಾಯಿತು ಅವಳದು. ಹೇಳಬೇಕೋ ಬೇಡವೋ ಎಂದು ಕಚೇರಿಯ ಕಾರಿಡಾರಿನಲ್ಲಿ ಎಷ್ಟು ಓಡಾಡಿದಳೆಂದರೆ, ಜವಾನ ಬಂದು, ಮೇಡಂ ಏನಾದರೂ ಕಳೆದುಕೊಂಡಿದ್ದೀರಾ, ನಾನೂ ಹುಡುಕಲಾ ಎಂದು ಕೇಳಿದ.

ಹೇಳಿದಳು. ಅಷ್ಟು ಮಟ್ಟಿಗೆ ಅವಳನ್ನು ಮೆಚ್ಚಬೇಕು. ಮುಖ್ಯ ಇಂಜಿನಿಯರ್ ಕೆಟ್ಟ ಮನುಷ್ಯರಲ್ಲ. ನಿಧಾನಸ್ಥರು, ನಿವೃತ್ತಿ ಹತ್ತಿರವಿತ್ತು, ಯಾವ ಗಾಳಿಗೂ ಕಾಗದ ಹಾರದಿರಲಿ ಎಂದು ಮೇಲೆ ಭಾರ ಇಟ್ಟುಕೊಂಡು ಬದುಕುವವರು. ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ನೀವು ಹೇಳುವುದು ನಿಜವೇ ಇರಬಹುದು ಎಂದರು. ಆದರೆ ಇದನ್ನು ಸಾರ್ವಜನಿಕ ಸಭೆಯಲ್ಲಿ ಇಡುವಾಗ ಮೊದಲು ಬರುವ ಪ್ರಶ್ನೆ ಲಾರಿಯದ್ದಲ್ಲ, ನಿಮ್ಮ ಅಕ್ಕನ ಅಂಗಡಿಯದ್ದು. ಅದಕ್ಕೆ ಉತ್ತರ ಇಟ್ಟುಕೊಂಡು ಬನ್ನಿ ಎಂದರು.

ಬುಗುರಿ ಉತ್ತರ ಹುಡುಕಿಯೇ ಬಿಟ್ಟಳು. ಲಾರಿ ನಿಲ್ಲುವ ಅಂಗಳಕ್ಕೆ ಸರಿಯಾದ ಜಾಗ ಇದ್ದದ್ದು ಹಳಿಗಳ ಆಚೆ, ಹಳೆಯ ಕಲ್ಲಿದ್ದಲು ಅಂಗಳದಲ್ಲಿ. ಕಲ್ಲಿದ್ದಲು ರೈಲು ನಿಂತ ಮೇಲೆ ಅಲ್ಲಿ ಕಳೆ ಬೆಳೆದು ಮುರುಕು ವ್ಯಾಗನ್ನುಗಳು ಬಿದ್ದಿದ್ದವು. ಯಾರ ಮನೆಯೂ ಇಲ್ಲ, ಯಾರ ಅಂಗಡಿಯೂ ಇಲ್ಲ. ಆದರೆ ಅವಳು ಅದನ್ನು ಬಿಟ್ಟು, ರಿಪೇರಿ ಬೀದಿಯ ತಿರುವಿನಲ್ಲಿ, ಅಕ್ಕನ ಅಂಗಡಿ ಮತ್ತು ಅದರ ಪಕ್ಕದ ಪಾಳು ಶೆಡ್ಡು ಸೇರಿಸಿ ಒಂದು ಅಂಗಳ ಬರೆದಳು. ಗೇಟಿಗೆ ಹತ್ತಿರ ಅನ್ನುವುದೊಂದು ನೆಪ. ಜಾಗ ಸಾಲದು, ಅರ್ಧ ಲಾರಿಗಳು ಮತ್ತೆ ಹೊರಗೇ ಉಳಿಯುತ್ತವೆ. ಆದರೇನು, ಇಡೀ ಬೀದಿ ಉಳಿದು ಅಕ್ಕನ ಅಂಗಡಿಯೊಂದೇ ಹೋದರೆ ಯಾರು ಬಾಯಿ ತೆಗೆಯುತ್ತಾರೆ? ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಅವತ್ತು ರಾತ್ರಿ ಗಂಡನಿಗೆ ಹೊದಿಕೆ ಸಿಕ್ಕಿತು.

ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಅಕ್ಕನ ಹತ್ತಿರ ಹೋದಳು. ಅಕ್ಕ ಒಂದು ದೊಡ್ಡ ಟಾರ್ಪಾಲನ್ನು ಗೋಡೆಯಿಂದ ಗೋಡೆಗೆ ಹಾಸಿ, ಅದರ ನಡುವೆ ಕೂತು ಅಂಚಿಗೆ ಹಗ್ಗ ಪೋಣಿಸುವ ಹಿತ್ತಾಳೆ ಬಳೆ ಕೂರಿಸುತ್ತಿದ್ದಳು. ಬುಗುರಿ ಚಪ್ಪಲಿ ಬಿಟ್ಟು ಟಾರ್ಪಾಲಿನ ಮೇಲೆಯೇ ನಕ್ಷೆ ಬಿಡಿಸಿದಳು. ಮೊದಲು ತಪ್ಪು ಒಪ್ಪಿಕೊಂಡಳು, ಲೆಕ್ಕ ಸರಿ ಇರಲಿಲ್ಲ ಅಕ್ಕ ಎಂದು. ಸುತ್ತುವ ಲಾರಿಗಳ ಕಥೆ ಹೇಳಿದಳು. ಬೀದಿ ಉಳಿಯುತ್ತದೆ ಎಂದಳು. ಅಕ್ಕನ ಮುಖ ಅರಳಿತು. ಅದು ಅರಳಿದ್ದನ್ನು ನೋಡಿ ಬುಗುರಿ ನಕ್ಷೆಯ ಒಂದು ಮೂಲೆಯನ್ನು ಅಂಗೈಯಿಂದ ಮುಚ್ಚಿದಳು. ಅಕ್ಕನೇ ಆ ಕೈ ಸರಿಸಿ, ಬೆರಳಿಟ್ಟು ಕೇಳಿದಳು.

"ಈ ಮೂಲೆ ಯಾರದು?"

"ನಿನ್ನದು ಅಕ್ಕ."

"ಕಲ್ಲಿದ್ದಲು ಅಂಗಳ ಖಾಲಿ ಬಿದ್ದಿದೆಯಲ್ಲ. ಅಲ್ಲಿ ಲಾರಿ ನಿಲ್ಲೋಕಾಗಲ್ವಾ?"

ಆಗುತ್ತದೆ, ಇದಕ್ಕಿಂತ ಚೆನ್ನಾಗಿಯೇ ಆಗುತ್ತದೆ ಎಂದು ಬುಗುರಿ ಒಪ್ಪಿಕೊಳ್ಳಬೇಕಾಯಿತು. ಆದರೆ ಜನ ಏನನ್ನುತ್ತಾರೆ ಎಂದು ಶುರುಮಾಡಿದಳು. ತನ್ನ ಮಾತನ್ನು ನಂಬಬೇಕಾದರೆ ತನ್ನವರಿಗೆ ಲಾಭ ಆಗಬಾರದು, ಬೀದಿಯ ಇಷ್ಟು ಮನೆಗಳಿಗಾಗಿ ಒಂದು ಅಂಗಡಿ ಎಂದೆಲ್ಲ ವಿವರಿಸಿದಳು. ಹೇಳುತ್ತಾ ಹೇಳುತ್ತಾ ಎದ್ದು ಟಾರ್ಪಾಲಿನ ಸುತ್ತ ನಡೆಯತೊಡಗಿದಳು. ಅಕ್ಕ ಅವಳನ್ನೇ ನೋಡುತ್ತಾ ಕೂತಿದ್ದಳು. ಅಕ್ಕನಿಗೆ ಸಿಟ್ಟು ಬಂದದ್ದನ್ನು ಬುಗುರಿ ಜೀವಮಾನದಲ್ಲಿ ಸರಿಯಾಗಿ ಕಂಡಿರಲಿಲ್ಲ. ಹಾಗಾಗಿ ಅದು ಬಂದಾಗ ಅವಳಿಗೆ ಗೊತ್ತೇ ಆಗಲಿಲ್ಲ.

"ಕೂತ್ಕೋ," ಎಂದಳು ಅಕ್ಕ. "ಮೊದಲನೇ ಸಲ ಲೆಕ್ಕ ಅಂದೆ, ನಾನು ಎದುರು ಮಾತಾಡ್ಲಿಲ್ಲ. ಬೀದಿಯವರ ಬಾಯೂ ಮುಚ್ಚಿಸ್ದೆ. ಈ ಸಲ ಲೆಕ್ಕ ಅಲ್ಲ. ನಿನ್ನ ಹೆಸರಿಗೆ ಮಣ್ಣು ಹತ್ತಬಾರ್ದು ಅಂತ ನನ್ನ ಅಂಗಡಿ ಕೆಡವ್ತಿದೀಯ."

"ಹಾಗಲ್ಲ ಅಕ್ಕ."

"ಹಾಗೇ. ಇಲ್ಲಿ ಬೇರೆ ಯಾರದೋ ಅಂಗಡಿ ಇದ್ದಿದ್ರೆ ಈ ಗೆರೆ ಎಳೀತಿದ್ಯಾ? ನಿಂಗೆ ಅಕ್ಕ ಆಗಿದ್ದೇ ನನ್ನ ತಪ್ಪಾ?"

ಬುಗುರಿ ಕೂತಳು. ನ್ಯಾಯದ ತಕ್ಕಡಿ ಹಿಡಿದಿದ್ದೇನೆ ಎಂದುಕೊಂಡಿದ್ದವಳು ಇಷ್ಟು ವರ್ಷ ಒಂದು ತಟ್ಟೆಯನ್ನು ಕೈಯಿಂದ ಒತ್ತಿ ಕೆಳಗಿಳಿಸಿಯೇ ಹಿಡಿದಿದ್ದಳು. ಚರಂಡಿ ಕಟ್ಟಿಕೊಂಡ ಯಾವ ಮನೆಯವರು ಬಂದರೂ ಅವಳು ಸಂಬಂಧಪಟ್ಟ ಕೋಣೆಯವರೆಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದಳು. ಅಕ್ಕನಿಗೆ ಮಾತ್ರ ಅರ್ಜಿ. ಅದು ನ್ಯಾಯವಾಗಿರಲಿಲ್ಲ, ಭಯವಾಗಿತ್ತು. ಅಕ್ಕ ಸುತ್ತಿಗೆ ಎತ್ತಿಕೊಂಡು ಬಳೆ ಬಡಿಯತೊಡಗಿದಳು. ಬುಗುರಿ ನಕ್ಷೆ ಸುತ್ತಿಕೊಂಡು ಹೊರಬಂದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು.

ಸಭೆ ನಡೆದದ್ದು ಒಂದು ಶಾಲೆಯ ಹಾಲಿನಲ್ಲಿ. ಬೀದಿಯವರೆಲ್ಲ ಬಂದಿದ್ದರು. ಅಕ್ಕ, ಭಾವ ಹಿಂದಿನ ಸಾಲಿನಲ್ಲಿ ಕೂತಿದ್ದರು. ದೊಡ್ಡ ರಸ್ತೆ ಬಂದರೆ ತಮ್ಮ ಗೋಡೌನಿನ ಬಾಗಿಲಿಗೇ ಬರುತ್ತದೆ ಎಂದು ಕಾದಿದ್ದ ವ್ಯಾಪಾರಿಗಳು ಮುಂದಿನ ಸಾಲಿನಲ್ಲಿ. ಬುಗುರಿ ಹೊಸ ನಕ್ಷೆಯನ್ನು ಗೋಡೆಗೆ ಅಂಟಿಸಿದಳು. ಲಾರಿ ಅಂಗಳ ಕಲ್ಲಿದ್ದಲು ಅಂಗಳದಲ್ಲಿತ್ತು. ಎಲ್ಲಿ ಇರಬೇಕೋ ಅಲ್ಲಿ. ಮೊದಲ ಲೆಕ್ಕ ಹೇಗೆ ತಪ್ಪಿತು, ತಪ್ಪಿದ್ದು ಯಾರಿಂದ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ನಿಲ್ಲಿಸಬಾರದು ಎಂದವಳೂ ನಾನೇ, ಎಣಿಸಿದವಳೂ ನಾನೇ ಎಂದಾಗ ಕೆಲವರು ನಕ್ಕರು. ಅವಳೂ ನಗಬಹುದಿತ್ತು, ನಗು ಬರಲಿಲ್ಲ. ಒಬ್ಬ ಸಿಮೆಂಟು ವ್ಯಾಪಾರಿ ಎದ್ದು ನಿಂತ. ಅವನು ಬಹಳ ವಿನಯದಿಂದಲೇ ಕೇಳಿದ.

"ಆ ತಿರುವಿನಲ್ಲಿ ಉಳೀತಾ ಇರೋ ಟಾರ್ಪಾಲು ಅಂಗಡಿ ಯಾರದು ಮೇಡಂ?"

ಮುಖ್ಯ ಇಂಜಿನಿಯರ್ ತಮ್ಮ ಕನ್ನಡಕ ತೆಗೆದರು.

"ನಮ್ಮಕ್ಕಂದು," ಎಂದಳು ಬುಗುರಿ. "ಸ್ವಂತ ಅಕ್ಕ. ನನ್ನನ್ನ ಸಾಕಿದವಳು. ಅದಕ್ಕೇ ನನ್ನ ಲೆಕ್ಕ ನಂಬಬೇಡಿ. ಬೇರೆಯವರ ಕೈಲಿ ಎಣಿಸಿ. ನಂಬರ್ ಬರ್ಕೊಂಡು ಎಣಿಸಿ. ಆಗಲೂ ಮೊದಲಿನಷ್ಟೇ ಲಾರಿ ಬಂದ್ರೆ ಮೊದಲಿನ ಗೆರೆನೇ ಇರಲಿ."

ಗುಸುಗುಸು ಎದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಳು ನೋಡಿ ಎಂದು ಮುಂದಿನ ಸಾಲಿನಲ್ಲಿ ಯಾರೋ ಪಕ್ಕದವರ ಕಿವಿಯಲ್ಲಿ ಹೇಳಿದ್ದು ಅವಳಿಗೂ ಕೇಳಿಸಿತು. ಸಭೆಯ ಅಧ್ಯಕ್ಷರು ಇನ್ನೊಂದು ಇಲಾಖೆಯವರಿಂದ ಮತ್ತೆ ಎಣಿಸಬೇಕೆಂದೂ, ಅಲ್ಲಿಯವರೆಗೆ ಈ ಮೇಡಂ ಟರ್ಮಿನಲ್ ಕೆಲಸದಿಂದ ದೂರ ಇರಬೇಕೆಂದೂ ತೀರ್ಮಾನ ಕೊಟ್ಟರು. ಬುಗುರಿ ಗೋಡೆಯಿಂದ ನಕ್ಷೆ ಬಿಡಿಸಿಕೊಂಡು ಹೊರಟಳು. ಹಿಂದಿನ ಸಾಲಿನ ಕಡೆ ನೋಡುವ ಧೈರ್ಯ ಆಗಲಿಲ್ಲ.

ಆಮೇಲಿನ ವಾರಗಳು ಹೇಗೆ ಕಳೆದವೋ. ಅವಳನ್ನು ಬಸ್ ತಂಗುದಾಣಗಳ ವಿಭಾಗಕ್ಕೆ ಹಾಕಿದರು. ಅಲ್ಲಿ ಅವಳ ಕೆಲಸ ಜನ ಕೂರುವ ಬೆಂಚಿನ ಎತ್ತರ ಎಷ್ಟಿರಬೇಕು ಅನ್ನುವುದು. ಕೂರಲು ಬಾರದವಳಿಗೆ ಬೆಂಚಿನ ಕೆಲಸ ಕೊಟ್ಟಿದ್ದಾರೆ ಎಂದು ಕಚೇರಿಯಲ್ಲಿ ನಗಾಡಿದರು. ವೃತ್ತದ ಕಡೆ ಹೋಗಬೇಕೆಂದು ಕಾಲು ತುಡಿಯುತ್ತಿತ್ತು. ಹೋದರೆ ಅದಕ್ಕೊಂದು ಅರ್ಥ ಕಟ್ಟುತ್ತಾರೆ. ಎಣಿಸುವವರು ಯಾರು, ಹೇಗೆ ಎಣಿಸುತ್ತಿದ್ದಾರೆ, ಏನೂ ಗೊತ್ತಾಗದೆ ಮನೆಯ ಒಳಗೇ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದಳು. ಹೊದಿಕೆ ಮತ್ತೆ ಗಂಡನ ಕೈ ತಪ್ಪಿತು. ಅಕ್ಕನ ಮನೆಗೆ ಹೋಗಲು ಮುಖವಿರಲಿಲ್ಲ, ಅಕ್ಕನೂ ಹೇಳಿಕಳಿಸಲಿಲ್ಲ.

ಹೊಸ ಲೆಕ್ಕ ಬಂತು. ಅವಳು ಹೇಳಿದ್ದೇ ನಿಜವಾಗಿತ್ತು. ಕಲ್ಲಿದ್ದಲು ಅಂಗಳದಲ್ಲಿ ಬುಲ್ಡೋಜರ್ ಇಳಿಯಿತು. ರಿಪೇರಿ ಬೀದಿಯ ಗೋಡೆಗಳ ಮೇಲೆ ಕೆಡವಲೆಂದು ಬಳಿದಿದ್ದ ಕೆಂಪು ಗುರುತುಗಳನ್ನು ಬೀದಿಯವರೇ ಸುಣ್ಣ ಹೊಡೆದು ಮುಚ್ಚಿದರು. ಮುಖ್ಯ ಇಂಜಿನಿಯರ್ ಕರೆದು, ಲೆಕ್ಕ ಸರಿಯಾಗಿತ್ತು, ಆದರೆ ಟರ್ಮಿನಲ್ ಕೆಲಸ ನಿಮಗೆ ಮತ್ತೆ ಕೊಟ್ಟರೆ ಮಾತು ಬರುತ್ತದೆ, ಬೆಂಚುಗಳನ್ನೇ ನೋಡಿಕೊಳ್ಳಿ ಎಂದರು. ಮಾತು ಬರುತ್ತದೆ ಎಂದರೇನು, ಬಂದಾಗಿತ್ತು. ಎಣಿಕೆಯವರನ್ನೂ ಬುಟ್ಟಿಗೆ ಹಾಕಿಕೊಂಡಳಂತೆ ಎಂದು ಗೋಡೌನಿನವರು ಆಡಿಕೊಳ್ಳುತ್ತಿದ್ದರು. ಊರಿನವರ ಬಾಯಿಗೆ ಬೀಗ ಹಾಕಿದವರುಂಟೇ.

ಒಂದು ಸಂಜೆ ಭಾವ ಬಂದು, ನಡಿಯಮ್ಮ, ಎಷ್ಟು ದಿನ ಹೀಗೆ ಎಂದು ಕರೆದುಕೊಂಡು ಹೋದ. ಅಕ್ಕ ಎಂದಿನಂತೆ ಹೊಲಿಯುತ್ತಿದ್ದಳು. ಬಾ ಅನ್ನಲಿಲ್ಲ, ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ಮುಂದೆ ತಳ್ಳಿದಳು. ಅಷ್ಟರಲ್ಲಿ ಎದುರು ಅಂಗಡಿಯ ರೇಡಿಯೇಟರ್‌ನವನು ಕೈ ಒರೆಸಿಕೊಳ್ಳುತ್ತಾ ಬಂದ. ವಯಸ್ಸಾದ ಮನುಷ್ಯ, ಬುಗುರಿಯನ್ನು ಲಂಗ ತೊಟ್ಟ ಕಾಲದಿಂದ ಬಲ್ಲವನು. ಅವನ ಕಣ್ಣಲ್ಲಿ ನೀರಿತ್ತು.

"ರಕ್ತ ಸಂಬಂಧ ಅಂದ್ರೆ ಹೀಗಿರಬೇಕಮ್ಮ. ಅಕ್ಕನಿಗೋಸ್ಕರ ಕೆಲಸಾನೇ ಪಣಕ್ಕಿಟ್ಟೆ. ನಿಮ್ಮಕ್ಕನ ಪುಣ್ಯದಿಂದ ನಾವೂ ಉಳ್ಕೊಂಡ್ವಿ."

ಬುಗುರಿ ಎದ್ದು ನಿಂತಳು. ಬೀದಿ ಉಳಿಸಿಕೊಂಡವರೂ ಲೆಕ್ಕವನ್ನು ನಂಬಿಲ್ಲ! ಮೈಯೆಲ್ಲ ಉರಿಯಿತು. ಅಕ್ಕನಿಗೋಸ್ಕರ ಅಲ್ಲ, ಲೆಕ್ಕ ಹಾಗಿತ್ತು, ಸುತ್ತುತ್ತಿದ್ದ ಲಾರಿಗಳನ್ನೇ ಮತ್ತೆ ಎಣಿಸಿದ್ದರು ಎಂದು ಮೊದಲಿನಿಂದ ಶುರುಮಾಡಿದಳು. ಮುದುಕ ಹೌದಮ್ಮ, ಹೌದಮ್ಮ ಎಂದು ತಲೆಯಾಡಿಸಿದ. ಒಂದು ಅಕ್ಷರವನ್ನೂ ನಂಬಲಿಲ್ಲ. ಅವಳು ಇನ್ನೊಮ್ಮೆ ಶುರುಮಾಡುವಷ್ಟರಲ್ಲಿ ಅಕ್ಕ ದಾರ ಕಚ್ಚಿ ತುಂಡು ಮಾಡಿ ತಲೆಯೆತ್ತಿದಳು.

"ಬಿಡೇ," ಎಂದಳು. "ಹಾಗೇ ಅಂದ್ಕೊಳ್ಳಲಿ. ಒಂದು ಸಲನಾದ್ರೂ ನನ್ನ ತಂಗಿ ನಂಗೋಸ್ಕರ ಏನೋ ಮಾಡಿದ್ಲು ಅಂತ ಜನ ಅಂದ್ರೆ, ನಂಗೂ ಕೇಳೋಕೆ ಚೆನ್ನಾಗಿರುತ್ತೆ."

ಬುಗುರಿ ಅಕ್ಕನ ಮುಖ ನೋಡಿದಳು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಕಲ್ಲಾದ ಬೆರಳುಗಳು ಹೊಸ ದಾರಕ್ಕೆ ಮೇಣ ತಿಕ್ಕುತ್ತಿದ್ದವು. ಅವಳು ಮುದುಕನ ಕಡೆ ತಿರುಗಿದಳು.

"ಹೌದು, ಅಕ್ಕನಿಗೋಸ್ಕರನೇ ಮಾಡಿದೆ," ಎಂದಳು.